ದುಡ್ಡಿಗೆ ಗೆರೆ ಎಳೆದವನು

1786ರಲ್ಲಿ ಲಂಡನ್ನಿನಲ್ಲಿ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ ಎಂಬ ಪುಸ್ತಕ ಹೊರಬಂತು. ಹೆಸರಿಗೆ ಅಟ್ಲಾಸ್, ಒಳಗೆ ಒಂದೇ ಒಂದು ಭೂಪಟವಿಲ್ಲ. ನದಿ, ಬೆಟ್ಟ, ಗಡಿಗಳಿರಬೇಕಾದ ಜಾಗದಲ್ಲಿ 44 ಚಿತ್ರಗಳಿದ್ದವು. ಅವುಗಳಲ್ಲಿ 43 ಚಿತ್ರಗಳು ಎಡದಿಂದ ಬಲಕ್ಕೆ ಏರುತ್ತ ಇಳಿಯುತ್ತ ಸಾಗುವ ಗೆರೆಗಳೇ. ಇಂಗ್ಲೆಂಡು ಯಾವ ದೇಶಕ್ಕೆ ಎಷ್ಟು ಮಾರಿತು, ಯಾವ ದೇಶದಿಂದ ಎಷ್ಟು ಕೊಂಡಿತು, ಸರ್ಕಾರದ ಸಾಲ ಹೇಗೆ ಬೆಳೆಯಿತು ಎಂಬುದನ್ನೆಲ್ಲ ಅಲ್ಲಿಯವರೆಗೆ ಸುಂಕದ ಕಚೇರಿಯ ಕಡತಗಳಲ್ಲಿ ಸಾಲುಸಾಲು ಅಂಕಿಗಳಾಗಿಯೇ ಓದಬೇಕಿತ್ತು. ಈ ಪುಸ್ತಕದಲ್ಲಿ ಅದನ್ನೆಲ್ಲ ನೋಡಬಹುದಿತ್ತು. ಇವತ್ತು ಯಾವ ಕಂಪನಿಯ ಮೀಟಿಂಗಿನಲ್ಲಿ ಪ್ರೊಜೆಕ್ಟರ್ ಹಾಕಿದರೂ ಪರದೆಯ ಮೇಲೆ ಮೂಡುವುದು ಗೆರೆಯ ಗ್ರಾಫ್, ಬಾರ್ ಚಾರ್ಟ್, ಇಲ್ಲವೇ ಪೈ ಚಾರ್ಟ್. ಈ ಮೂರರ ಬೇರೂ ಒಬ್ಬನೇ ಮನುಷ್ಯನಲ್ಲಿದೆ: ಆ ಅಟ್ಲಾಸಿನ ಕರ್ತೃ ವಿಲಿಯಂ ಪ್ಲೇಫೇರ್.

ಗೆರೆ ಎಳೆಯುವುದರಲ್ಲಿ ಏನು ಮಹಾ ಎಂದು ನಮಗೆ ಅನ್ನಿಸಬಹುದು. ಅವನಿಗಿಂತ ಮೊದಲು ಯಾರೂ ಯಾಕೆ ಹೀಗೆ ಮಾಡಿರಲಿಲ್ಲ ಎಂದು ಕೇಳಿಕೊಂಡರೆ ಅದರ ಕಷ್ಟ ತಿಳಿಯುತ್ತದೆ. ಡೆಕಾರ್ಟ್‌ನ ಜ್ಯಾಮಿತಿ ಪ್ರಕಟವಾದದ್ದು 1637ರಲ್ಲಿ. ಅಂದರೆ ಅಡ್ಡಕ್ಕೊಂದು, ಉದ್ದಕ್ಕೊಂದು ಅಕ್ಷವಿಟ್ಟು ಬಿಂದು ಗುರುತಿಸುವ ಉಪಾಯ ಬಂದು ಒಂದೂವರೆ ಶತಮಾನವೇ ಆಗಿತ್ತು. ಹವೆಯ ಒತ್ತಡ, ಶಾಖ ಇಂಥವುಗಳ ಅಳತೆಯನ್ನು ಗೆರೆಯಾಗಿ ಬರೆಯುವ ಅಭ್ಯಾಸ ವಿಜ್ಞಾನಿಗಳಲ್ಲಿ ಅಲ್ಲಲ್ಲಿ ಇತ್ತು. ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಹೆಸರಾಂತ ವ್ಯಕ್ತಿಗಳ ಆಯುಷ್ಯವನ್ನು ಕಾಲದ ಅಳತೆಪಟ್ಟಿಯ ಮೇಲೆ ಗೆರೆಗಳಾಗಿ ಜೋಡಿಸಿ ಅಚ್ಚು ಹಾಕಿಸಿದ್ದ. ಆದರೂ ಹಣದ ಹತ್ತಿರ ಯಾರೂ ಹೋಗಿರಲಿಲ್ಲ. ಥರ್ಮಾಮೀಟರಿನ ಪಾದರಸ ಕಣ್ಣೆದುರೇ ಏರುತ್ತದೆ, ಇಳಿಯುತ್ತದೆ. ಅದನ್ನು ಹಾಳೆಯ ಮೇಲೂ ಎತ್ತರದಲ್ಲೇ ತೋರಿಸುವುದು ಸಹಜ. ಮರಕ್ಕೆ, ಉಣ್ಣೆಗೆ, ಸಕ್ಕರೆಗೆ ಕೊಟ್ಟ ಹಣಕ್ಕೆ ಎತ್ತರ ಎಲ್ಲಿಂದ ಬರಬೇಕು?

ಆ ಧೈರ್ಯ ಪ್ಲೇಫೇರ್‌ಗೆ ಬಂದದ್ದು ಅವನು ಬೆಳೆದ ರೀತಿಯಿಂದ. ಅವನು ಹುಟ್ಟಿದ್ದು 1759ರಲ್ಲಿ, ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಹತ್ತಿರದ ಲಿಫ್‌ನಲ್ಲಿ. ತಂದೆ ಪಾದ್ರಿ. 1772ರಲ್ಲಿ ತಂದೆ ತೀರಿಕೊಂಡಾಗ ಹುಡುಗನ ಹೊಣೆ ಅಣ್ಣ ಜಾನ್ ಪ್ಲೇಫೇರ್ ಮೇಲೆ ಬಿತ್ತು. ಈ ಅಣ್ಣ ಸಾಮಾನ್ಯನಲ್ಲ. ಮುಂದೆ ಎಡಿನ್‌ಬರೊದಲ್ಲಿ ಪ್ರಾಧ್ಯಾಪಕನಾಗಿ, ಗಣಿತದಲ್ಲೂ ಭೂವಿಜ್ಞಾನದಲ್ಲೂ ಹೆಸರು ಮಾಡಿದವನು. ದಿನಾ ಥರ್ಮಾಮೀಟರ್ ನೋಡಿ ಅಂದಂದಿನ ಶಾಖವನ್ನು ಅಳತೆಯ ಗೆರೆಯ ಮೇಲೆ ಗುರುತು ಹಾಕು ಎಂದು ತಮ್ಮನಿಗೆ ಕೆಲಸ ಕೊಟ್ಟ. ಅಂಕಿಯಲ್ಲಿ ಹೇಳಬಲ್ಲದ್ದನ್ನೆಲ್ಲ ಗೆರೆಯಲ್ಲೂ ಹೇಳಬಹುದು ಎಂದು ತನಗೆ ಕಲಿಸಿದವನು ಅಣ್ಣನೇ ಎಂದು ವಿಲಿಯಂ ವಯಸ್ಸಾದ ಮೇಲೂ ನೆನೆದು ಬರೆದ. ನನಗೆ ಈ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ವ್ಯಾಪಾರಲೋಕದ ಅಷ್ಟು ದೊಡ್ಡ ಸಾಧನ ಒಬ್ಬ ಅಣ್ಣ ತಮ್ಮನಿಗೆ ಹೇಳಿಕೊಟ್ಟ ಮನೆಪಾಠದಿಂದ ಶುರುವಾಯಿತು.

ಆಮೇಲೆ ಹುಡುಗ ಆಂಡ್ರ್ಯೂ ಮೀಕಲ್ ಎಂಬ ಯಂತ್ರಕುಶಲಿಯ ಬಳಿ ಕೆಲಸ ಕಲಿಯಲು ಸೇರಿದ. ಕಾಳು ಒಕ್ಕುವ ಯಂತ್ರ ರೂಪಿಸಿದವನೆಂದು ಮೀಕಲ್‌ಗೆ ಹೆಸರಿದೆ. 1777ರಲ್ಲಿ ಪ್ಲೇಫೇರ್ ಬರ್ಮಿಂಗ್‌ಹ್ಯಾಮಿಗೆ ಹೋಗಿ, ಉಗಿಯಂತ್ರದ ಜೇಮ್ಸ್ ವಾಟ್ ಬಳಿ ಡ್ರಾಫ್ಟ್ಸ್‌ಮನ್ ಆಗಿ, ಸಹಾಯಕನಾಗಿ ಸೇರಿಕೊಂಡ. ಯಂತ್ರದ ಭಾಗಗಳನ್ನು ಅಳತೆಗೆ ಸರಿಯಾಗಿ ಹಾಳೆಯ ಮೇಲೆ ಇಳಿಸುವುದು ಅಲ್ಲಿನ ನಿತ್ಯದ ಕೆಲಸ. ಕೈಗೆ ಆ ಪಳಗು, ತಲೆಯಲ್ಲಿ ಥರ್ಮಾಮೀಟರಿನ ಗೆರೆ, ಜೊತೆಗೆ ದುಡ್ಡಿನ ವಿಷಯದಲ್ಲಿ ತೀರದ ಆಸಕ್ತಿ: ಮೂರೂ ಒಬ್ಬನಲ್ಲೇ ಕೂಡಿಬಂದವು.

ಹಣಕ್ಕೂ ಉದ್ದಗಲಕ್ಕೂ ಏನು ಸಂಬಂಧ ಎಂದು ಆಕ್ಷೇಪಿಸುವವರು ಅವನ ಸುತ್ತಲೂ ಇದ್ದರು. ಅವರಿಗೆ ಅವನು ಕೊಟ್ಟ ಉತ್ತರ ಇವತ್ತಿಗೂ ಹೊಸದಾಗಿದೆ. ಒಬ್ಬ ವ್ಯಾಪಾರಿಗೆ ಬರುವ ಹಣವೆಲ್ಲ ಗಿನಿ ನಾಣ್ಯಗಳಲ್ಲೇ ಬರುತ್ತದೆ ಎಂದುಕೊಳ್ಳಿ. ಪ್ರತಿ ಸಂಜೆ ಅವನು ಆ ದಿನ ಬಂದ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತಾನೆ; ಮರುದಿನದ ಪೇರನ್ನು ಅದರ ಪಕ್ಕಕ್ಕೆ. ತಿಂಗಳ ಕೊನೆಗೆ ಮೇಜಿನ ಮೇಲೆ ಸಾಲಾಗಿ ನಿಂತ ಆ ಪೇರುಗಳ ಎತ್ತರವನ್ನು ನೋಡಿದರೆ ವ್ಯಾಪಾರ ಯಾವಾಗ ಏರಿತು, ಯಾವಾಗ ಬಿತ್ತು ಎಂದು ಕೇಳಬೇಕಾಗಿಯೇ ಇಲ್ಲ. ನನ್ನ ಚಿತ್ರಗಳಲ್ಲಿ ಇರುವುದು ಇಷ್ಟೇ, ಅಲ್ಲಿ ಒಂದು ಅಂಗುಲ ಎತ್ತರ ಇಷ್ಟು ಲಕ್ಷ ಗಿನಿಗಳಿಗೆ ಸಮ ಎಂದಿಟ್ಟುಕೊಳ್ಳಿ ಎಂಬರ್ಥದಲ್ಲಿ ಪ್ಲೇಫೇರ್ ವಿವರಿಸಿದ.

ಡೆನ್ಮಾರ್ಕ್ ಮತ್ತು ನಾರ್ವೆಗಳ ಜೊತೆ ಇಂಗ್ಲೆಂಡಿನ ವ್ಯಾಪಾರವನ್ನು ತೋರಿಸುವ ಚಿತ್ರ ಅಟ್ಲಾಸಿನಲ್ಲೇ ಹೆಚ್ಚು ಹೆಸರಾದದ್ದು. ಅದನ್ನು ಹತ್ತಿರದಿಂದ ನೋಡಬೇಕು. ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ, ಆಮೇಲೆ ಕೈಯಿಂದ ಬಣ್ಣ ತುಂಬಿದ್ದು. ಅಡಿಯಲ್ಲಿ 1700ರಿಂದ 1780ರವರೆಗಿನ ವರ್ಷಗಳು. ಬಲಬದಿಯಲ್ಲಿ ಹತ್ತು ಹತ್ತು ಸಾವಿರ ಪೌಂಡುಗಳ ಮೆಟ್ಟಿಲು. ಎರಡೇ ಗೆರೆ: ಒಂದು ಆಮದಿನದು, ಇನ್ನೊಂದು ರಫ್ತಿನದು. ಯಾವ ಗೆರೆ ಯಾವುದೆಂದು ತಿಳಿಯಲು ಮೂಲೆಯಲ್ಲಿ ಬಣ್ಣಗಳ ಪಟ್ಟಿಯನ್ನು ಹುಡುಕಬೇಕಾಗಿಲ್ಲ, ಗೆರೆಯ ಮೈಗುಂಟ ಅದರ ಹೆಸರನ್ನೇ ಬರೆದಿದ್ದಾನೆ. ಶತಮಾನದ ಮೊದಲರ್ಧದಲ್ಲಿ ಆಮದಿನ ಗೆರೆ ಮೇಲಿದೆ. ಎರಡರ ನಡುವಿನ ಜಾಗಕ್ಕೆ ಒಂದು ಬಣ್ಣ ತುಂಬಿ, ಬಾಕಿ ಇಂಗ್ಲೆಂಡಿಗೆ ವಿರುದ್ಧ ಎಂದು ಒಳಗೇ ಬರೆದಿದೆ. 1750ರ ದಶಕದ ನಡುವೆ ಗೆರೆಗಳು ಒಂದನ್ನೊಂದು ದಾಟುತ್ತವೆ. ಅಲ್ಲಿಂದಾಚೆ ರಫ್ತು ಮೇಲೆ. ನಡುವಿನ ಜಾಗದ ಬಣ್ಣ ಬೇರೆ. ಬಾಕಿ ಇಂಗ್ಲೆಂಡಿನ ಪರ. ಎಂಬತ್ತು ವರ್ಷಗಳ ಲೆಕ್ಕವನ್ನು ಒಬ್ಬ ಮಂತ್ರಿ ಕುರ್ಚಿಯಿಂದ ಏಳುವ ಮೊದಲೇ ಗ್ರಹಿಸಬಲ್ಲ. ಪ್ಲೇಫೇರ್‌ನ ಮನಸ್ಸಿನಲ್ಲಿದ್ದ ಓದುಗನೂ ಅಂಥವನೇ, ಮಾಹಿತಿ ಬೇಕಾದ ಆದರೆ ಪುಟಗಟ್ಟಲೆ ಅಂಕಿ ಓದಲು ಪುರುಸೊತ್ತಿಲ್ಲದ ಕೆಲಸಗಾರ. ಎರಡು ಗೆರೆ, ಗೆರೆಯ ಮೇಲೇ ಹೆಸರು, ಏನನ್ನು ನೋಡಬೇಕು ಎಂಬುದು ಚಿತ್ರದೊಳಗೇ: ಮೀಟಿಂಗಿಗೆ ಚಾರ್ಟ್ ತಯಾರಿಸುವವರು ಇವತ್ತಿಗೂ ಇದಕ್ಕಿಂತ ಒಳ್ಳೆಯ ಮಾದರಿ ಹುಡುಕಬೇಕಾಗಿಲ್ಲ.

ಬಾರ್ ಚಾರ್ಟ್ ಹುಟ್ಟಿದ್ದು ಕೊರತೆಯಿಂದ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವನ ಕೈಗೆ ಸಿಕ್ಕಿದ್ದು ಒಂದೇ ವರ್ಷದ ಲೆಕ್ಕ, 1780ರ ಕ್ರಿಸ್‌ಮಸ್‌ನಿಂದ 1781ರ ಕ್ರಿಸ್‌ಮಸ್‌ವರೆಗಿನದು. ಒಂದು ವರ್ಷದಲ್ಲಿ ಗೆರೆ ಎಳೆಯುವುದು ಹೇಗೆ? ಆಗ ಅವನು ಕಾಲದ ಅಕ್ಷವನ್ನು ಬಿಟ್ಟು, ಆ ಜಾಗದಲ್ಲಿ 17 ದೇಶಗಳ, ಪ್ರದೇಶಗಳ ಹೆಸರುಗಳನ್ನು ನಿಲ್ಲಿಸಿ, ಒಂದೊಂದಕ್ಕೂ ಆಮದಿಗೊಂದು ರಫ್ತಿಗೊಂದು ಎಂದು ಅಡ್ಡಪಟ್ಟಿಗಳನ್ನು ಎಳೆದ. ಹೆಸರುಗಳು ಅಕ್ಷರಾನುಕ್ರಮದಲ್ಲಿಲ್ಲ, ಸಣ್ಣ ವ್ಯಾಪಾರ ಮೇಲೆ, ದೊಡ್ಡದು ಕೆಳಗೆ. ಜರ್ಸಿ, ಐಸ್‌ಲ್ಯಾಂಡಿನಿಂದ ತೊಡಗಿ ರಷ್ಯಾ, ಐರ್ಲೆಂಡಿನವರೆಗೆ ಪಟ್ಟಿಗಳು ಉದ್ದವಾಗುತ್ತ ಹೋಗುತ್ತವೆ. ಅವನಿಗೆ ಈ ಚಿತ್ರ ಅಷ್ಟು ಹಿಡಿಸಲಿಲ್ಲ. ಕಾಲದ ಓಟ ಇದರಲ್ಲಿಲ್ಲ, ಉಳಿದ ಚಿತ್ರಗಳಷ್ಟು ಉಪಯೋಗವಿಲ್ಲ ಎಂದು ಪುಸ್ತಕದಲ್ಲೇ ಹೇಳಿಕೊಂಡ. ಇನ್ನೂರು ವರ್ಷಗಳ ನಂತರ ಇದೇ ಚಿತ್ರದ ಬಗೆಗೆ ಅವನ ಅಭಿಪ್ರಾಯ ಪೂರ್ತಿ ತಲೆಕೆಳಗಾಗುವುದಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಅಟ್ಲಾಸ್ ಅಚ್ಚಾಗುವ ಮೊದಲು, 1785ರಲ್ಲಿ, ಪ್ಲೇಫೇರ್ ತನ್ನ ಹಳೆಯ ಧಣಿ ವಾಟ್‌ನ ಅಭಿಪ್ರಾಯ ಕೇಳಿದ. ವಾಟ್ ಹೇಳಿದ್ದು ನೇರವಾಗಿತ್ತು: ಚಿತ್ರಗಳ ಜೊತೆ ಅವಕ್ಕೆ ಆಧಾರವಾದ ಅಂಕಿಗಳ ಕೋಷ್ಟಕವನ್ನೂ ಅಚ್ಚು ಹಾಕಿಸು, ಈಗಿರುವಂತೆ ಎಲ್ಲವೂ ನಿನ್ನೊಬ್ಬನ ಮಾತಿನ ಮೇಲೆ ನಿಂತಿದೆ, ಇದು ಎಲ್ಲಿಂದ ಬಂತು ಎಂದು ಜನ ಕೇಳಿಯೇ ಕೇಳುತ್ತಾರೆ. ಕೋಷ್ಟಕಗಳು ಸೇರಿದವು. 1801ರ ಮೂರನೆಯ ಮುದ್ರಣದ ಹೊತ್ತಿಗೆ ಪ್ಲೇಫೇರ್ ಅವನ್ನು ಕೈಬಿಟ್ಟ. ಓದುಗರಿಗೆ ಅಷ್ಟರಲ್ಲಿ ಗೆರೆಗಳ ಮೇಲೆ ನಂಬಿಕೆ ಬಂದಿದೆ ಎಂದುಕೊಂಡಿರಬೇಕು. ನನ್ನ ಮಟ್ಟಿಗೆ ವಾಟ್‌ನ ಮಾತೇ ಸರಿ. ಹಣಕಾಸಿನ ಮುಖ್ಯಸ್ಥರು ಕೂತ ಸಭೆಯಲ್ಲಿ ಯಾವುದೇ ಚಾರ್ಟ್ ತೋರಿಸಿ ನೋಡಿ. ಬರುವ ಮೊದಲ ಪ್ರಶ್ನೆ ವಾಟ್ ಕೇಳಿದ್ದೇ: ಈ ಅಂಕಿ ಎಲ್ಲಿಯದು?

ಫ್ರಾನ್ಸಿನ ದೊರೆ 16ನೆಯ ಲೂಯಿಗೂ ಒಂದು ಪ್ರತಿ ಹೋಯಿತು. ಭೂಗೋಳದಲ್ಲಿ ಒಳ್ಳೆಯ ಪರಿಶ್ರಮವಿದ್ದ ದೊರೆ ಚಿತ್ರಗಳನ್ನು ನೋಡಿದ ಕೂಡಲೇ ಅರ್ಥಮಾಡಿಕೊಂಡ, ಇವು ಎಲ್ಲ ಭಾಷೆಗಳಲ್ಲೂ ಮಾತಾಡುತ್ತವೆ ಎಂದು ಮೆಚ್ಚಿದ ಎಂದು ಪ್ಲೇಫೇರ್ ಸಂತೋಷದಿಂದ ಬರೆದುಕೊಂಡಿದ್ದಾನೆ. ಸ್ವದೇಶದಲ್ಲಿ ಅಷ್ಟು ಮನ್ನಣೆ ಸಿಗಲಿಲ್ಲ. ವ್ಯಾಪಾರಕ್ಕೆ ಕೈಹಾಕಿ ಸೋತು, ಸಾಲದಲ್ಲಿ ಬಿದ್ದು, ಸೆರೆಮನೆಯನ್ನೂ ಕಂಡವನ ಪುಸ್ತಕವನ್ನು ವಿದ್ವಾಂಸರು ಗಂಭೀರವಾಗಿ ತೆಗೆದುಕೊಳ್ಳಲು ಹಿಂಜರಿದರು.

1801ರಲ್ಲೇ ಅವನ ಇನ್ನೊಂದು ಪುಸ್ತಕ ಬಂತು, ‘ಸ್ಟ್ಯಾಟಿಸ್ಟಿಕಲ್ ಬ್ರೀವಿಯರಿ’. ಯೂರೋಪಿನ ಒಂದೊಂದು ರಾಜ್ಯವನ್ನೂ ಅದರ ವಿಸ್ತೀರ್ಣಕ್ಕೆ ತಕ್ಕ ಒಂದೊಂದು ವೃತ್ತವಾಗಿ ತೋರಿಸಿದ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯೂರೋಪ್, ಆಫ್ರಿಕಾಗಳಲ್ಲಿ ಹಂಚಿಹೋಗಿತ್ತಲ್ಲ, ಅದರ ವೃತ್ತವನ್ನು ನಡುವಿನಿಂದ ಮೂರು ಹೋಳು ಮಾಡಿ ಮೂರು ಬಣ್ಣ ಹಾಕಿದ. ಪೈ ಚಾರ್ಟ್ ಹುಟ್ಟಿದ್ದು ಹೀಗೆ. ಇದೇ ಪುಸ್ತಕಕ್ಕೆ ಹಿಂದೂಸ್ತಾನವನ್ನು ಆಳುವ ಶಕ್ತಿಗಳ ವಿವರವನ್ನೂ ಅನುಬಂಧವಾಗಿ ಸೇರಿಸಿದ್ದ. ಶ್ರೀರಂಗಪಟ್ಟಣ ಬಿದ್ದು ಆಗ ಎರಡೇ ವರ್ಷವಾಗಿತ್ತು. ನಮ್ಮ ನೆಲದ ಆಸ್ತಿಪಾಸ್ತಿ, ಆದಾಯ ಎಷ್ಟೆಂದು ತಿಳಿಯುವ ಕುತೂಹಲ ಲಂಡನ್ನಿನ ಓದುಗರಿಗೆ ಧಾರಾಳವಾಗಿ ಇತ್ತು.

ಬ್ರೀವಿಯರಿಯ ಚಿತ್ರಗಳಲ್ಲಿ ಒಂದು ದೋಷವಿದೆ, ಅದನ್ನು ಗಮನಿಸಬೇಕು. ಪ್ರತಿ ವೃತ್ತದ ಎಡಕ್ಕೆ ಜನಸಂಖ್ಯೆಯ ಕಂಬ, ಬಲಕ್ಕೆ ತೆರಿಗೆಯ ಕಂಬ. ಎರಡರ ತುದಿಗಳನ್ನು ಚುಕ್ಕೆಗೆರೆಯೊಂದು ಸೇರಿಸುತ್ತದೆ. ಆ ಗೆರೆಯ ವಾಲುವಿಕೆ ನೋಡಿದರೆ ಯಾವ ದೇಶದ ಜನರ ಮೇಲೆ ತೆರಿಗೆಯ ಹೊರೆ ಹೆಚ್ಚು ಎಂದು ಗೊತ್ತಾಗುತ್ತದೆ ಎಂಬುದು ಪ್ಲೇಫೇರ್‌ನ ವಾದ. ಬ್ರಿಟನ್ನಿನಲ್ಲಿ ತೆರಿಗೆ ವಿಪರೀತ ಎಂದು ಸಾಧಿಸುವುದು ಅವನ ಉದ್ದೇಶ. ಆದರೆ ಎರಡು ಕಂಬಗಳ ನಡುವೆ ಇರುವುದು ವೃತ್ತ. ದೇಶ ದೊಡ್ಡದಾದಷ್ಟೂ ವೃತ್ತ ಅಗಲ, ಗೆರೆಯ ವಾಲು ಕಡಿಮೆ. ತೆರಿಗೆಗೂ ಜನಸಂಖ್ಯೆಗೂ ಸಂಬಂಧವಿಲ್ಲದ ವಿಸ್ತೀರ್ಣ ಬಂದು ಮಧ್ಯೆ ಕೂತು ವಾದವನ್ನು ಕೆಡಿಸುತ್ತದೆ. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಇಟ್ಟು, ಎರಡು ಗೆರೆಗಳು ಎಲ್ಲಿ ಕೂಡಿದವು, ಎಷ್ಟು ಓರೆಯಾದವು ಎಂದು ಅರ್ಥ ಹಚ್ಚುವ ಸ್ಲೈಡುಗಳು ಈಗಲೂ ಎಷ್ಟಿಲ್ಲ? ಅಳತೆಯನ್ನು ಸ್ವಲ್ಪ ಹಿಗ್ಗಿಸಿದರೆ ಕೂಡುವ ಜಾಗವೇ ಬದಲಾಗುತ್ತದೆ.

ಅವನ ಕೊನೆಯ ದೊಡ್ಡ ಚಿತ್ರ 1821ರದು. ರೈತರ ಸಂಕಷ್ಟದ ಬಗೆಗೆ ಬರೆದ ಕಿರುಪುಸ್ತಕದಲ್ಲಿ 1565ರಿಂದ ಎರಡೂವರೆ ಶತಮಾನದ ಗೋಧಿಯ ಬೆಲೆಯನ್ನು ಕಂಬಗಳಾಗಿ, ಕುಶಲಕರ್ಮಿಯ ವಾರದ ಕೂಲಿಯನ್ನು ಅವುಗಳ ಮೇಲೆ ಹಾಯುವ ಗೆರೆಯಾಗಿ, ಆಳಿದ ರಾಜರಾಣಿಯರ ಹೆಸರುಗಳನ್ನು ತಲೆಯ ಸಾಲಿನಲ್ಲಿ ಬರೆದ. ನೋಡಲು ಬಹಳ ಸೊಗಸಾದ ಚಿತ್ರ. ಅದರಿಂದ ಅವನು ಹೇಳಹೊರಟದ್ದು, ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಈಗಿನಷ್ಟು ಅಗ್ಗವಾಗಿರಲಿಲ್ಲ ಎಂದು. ಮಾತು ನಿಜ. ಚಿತ್ರದಲ್ಲಿ ಮಾತ್ರ ಅದು ಕಾಣುವುದಿಲ್ಲ. ಕಣ್ಣಿಗೆ ಹೊಡೆಯುವುದು ಗೋಧಿಯ ಬೆಲೆಯ ಏರಿಳಿತ. ಬೆಲೆಯನ್ನು ಕೂಲಿಯಿಂದ ಭಾಗಿಸುವ ಕೆಲಸವನ್ನು ನೋಡುವವರೇ ಮನಸ್ಸಿನಲ್ಲಿ ಮಾಡಿಕೊಳ್ಳಬೇಕು. ಒಂದು ಅಳತೆ ಗೋಧಿಗೆ ಎಷ್ಟು ವಾರದ ದುಡಿಮೆ ಬೇಕಿತ್ತು ಎಂಬ ಒಂದೇ ಗೆರೆ ಎಳೆದಿದ್ದರೆ ಅವನ ಮಾತು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. 1823ರ ಫೆಬ್ರವರಿಯಲ್ಲಿ ಪ್ಲೇಫೇರ್ ಲಂಡನ್ನಿನಲ್ಲಿ ಬಡತನದಲ್ಲೇ ತೀರಿಕೊಂಡ.

ಅವನ ಗೆರೆಗಳು ಕಂಪನಿಗಳ ಸಭೆಯ ಕೋಣೆಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. 19ನೆಯ ಶತಮಾನದಲ್ಲಿ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಜೆವನ್ಸ್ ಅಂಥವರು ಈ ವಿಧಾನವನ್ನು ಮತ್ತೆ ಕೈಗೆತ್ತಿಕೊಂಡರು. 1914ರಲ್ಲಿ ವಿಲ್ಲರ್ಡ್ ಬ್ರಿಂಟನ್ ಎಂಬ ಅಮೆರಿಕನ್ ಎಂಜಿನಿಯರ್ ವ್ಯವಹಾರಸ್ಥರಿಗಾಗಿಯೇ ಚಾರ್ಟುಗಳ ಬಗೆಗೆ ದಪ್ಪ ಪುಸ್ತಕ ಬರೆದ. 1920ರ ದಶಕದಲ್ಲಿ ಡು ಪಾಂಟ್ ಕಂಪನಿ ವಿಲ್ಮಿಂಗ್ಟನ್ ನಗರದ ತನ್ನ ಮುಖ್ಯ ಕಚೇರಿಯಲ್ಲಿ ಚಾರ್ಟುಗಳಿಗೇ ಒಂದು ಕೋಣೆ ಮಾಡಿತು. ಚಾವಣಿಯ ಹಳಿಗಳಿಂದ ತೂಗುತ್ತಿದ್ದ ನೂರಾರು ಚಾರ್ಟುಗಳಲ್ಲಿ ಬೇಕಾದ್ದನ್ನು ಎಳೆದು ತಂದು ಮುಂದೆ ನಿಲ್ಲಿಸುತ್ತಿದ್ದರು. ಆಡಳಿತ ಸಮಿತಿಯವರು ಅದರೆದುರು ಕೂತು ಚರ್ಚಿಸುತ್ತಿದ್ದರು. ಬಣ್ಣದ ವಿಭಾಗವಿರಲಿ, ಸಿಡಿಮದ್ದಿನ ವಿಭಾಗವಿರಲಿ, ಚಾರ್ಟಿನ ಕಟ್ಟು ಎಲ್ಲಕ್ಕೂ ಒಂದೇ. ಹೀಗಾಗಿ ಚಾರ್ಟನ್ನು ಓದುವುದು ಹೇಗೆಂಬುದರಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಚರ್ಚೆಯೆಲ್ಲ ವ್ಯವಹಾರದ ಬಗೆಗೇ ನಡೆಯುತ್ತಿತ್ತು. 1987ರಲ್ಲಿ ಪವರ್‌ಪಾಯಿಂಟ್ ಬಂದ ಮೇಲೆ ಚಾರ್ಟ್ ಬರೆಯಲು ಡ್ರಾಫ್ಟ್ಸ್‌ಮನ್ ಬೇಕಾಗಲಿಲ್ಲ, ಡು ಪಾಂಟಿನಂಥ ಶಿಸ್ತೂ ಉಳಿಯಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಗೆರೆಯ ಎತ್ತರ, ಪಟ್ಟಿಯ ಉದ್ದ, ಹೋಳಿನ ಕೋನ: ಇವುಗಳಲ್ಲಿ ಕಣ್ಣು ಯಾವುದನ್ನು ಸರಿಯಾಗಿ ಅಳೆಯುತ್ತದೆ? ಪ್ಲೇಫೇರ್ ಕಣ್ಣನ್ನು ನಂಬಿದ್ದ, ಪರೀಕ್ಷಿಸಿರಲಿಲ್ಲ. ಆ ಕೆಲಸವನ್ನು ಕೈಗೆತ್ತಿಕೊಂಡವರು ಅಮೆರಿಕದ ಬೆಲ್ ಪ್ರಯೋಗಾಲಯದ ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್. ಅವರು ಜನರಿಗೆ ಚಿತ್ರಗಳನ್ನು ತೋರಿಸಿ ಸರಳ ಪ್ರಶ್ನೆ ಕೇಳಿದರು: ಗುರುತು ಹಾಕಿದ ಎರಡರಲ್ಲಿ ಚಿಕ್ಕದು ಯಾವುದು, ಅದು ದೊಡ್ಡದರ ಶೇಕಡ ಎಷ್ಟು? ಅಳತೆಪಟ್ಟಿ ಮುಟ್ಟುವಂತಿಲ್ಲ, ಕಣ್ಣಂದಾಜಿನಲ್ಲೇ ಹೇಳಬೇಕು. 1984ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಹೀಗಿತ್ತು. ಒಂದೇ ಅಡಿಗೆರೆಯಿಂದ ಎದ್ದ ಬಿಂದುಗಳ, ಪಟ್ಟಿಗಳ ಎತ್ತರವನ್ನು ಹೋಲಿಸುವುದರಲ್ಲಿ ಕಣ್ಣು ಎಲ್ಲಕ್ಕಿಂತ ಚುರುಕು. ಅಡಿಗೆರೆ ಬೇರೆಬೇರೆಯಾದ ಉದ್ದಗಳಲ್ಲಿ ತಪ್ಪು ಹೆಚ್ಚು. ಪೈ ಚಾರ್ಟಿನ ಕೋನಗಳಿಗಿಂತ ಅದೇ ಅಂಕಿಗಳ ಬಾರ್ ಚಾರ್ಟಿನಲ್ಲಿ ಅಂದಾಜು ಸುಮಾರು ಎರಡು ಪಟ್ಟು ನಿಖರ. ವಿಸ್ತೀರ್ಣ, ಘನ ಗಾತ್ರ, ಬಣ್ಣದ ಗಾಢತೆ ಇವನ್ನೆಲ್ಲ ಅವರು ಇನ್ನೂ ಕೆಳಗಿನ ಮೆಟ್ಟಿಲುಗಳಲ್ಲಿ ಇಟ್ಟರು. ಅಂಕಿ ಸಾಲದೆ, ಮನಸ್ಸಿಲ್ಲದ ಮನಸ್ಸಿನಿಂದ ಪ್ಲೇಫೇರ್ ಬರೆದ ಸ್ಕಾಟ್ಲೆಂಡಿನ ಚಿತ್ರವೇ ಕಣ್ಣಿಗೆ ಹೆಚ್ಚು ಒಗ್ಗುವ ಬಗೆಯದಾಗಿತ್ತು.

ಅದೇ ಪ್ರಬಂಧದಲ್ಲಿ ಅವರು ಅಟ್ಲಾಸಿನ ಇನ್ನೊಂದು ಚಿತ್ರವನ್ನೂ ಎತ್ತಿಕೊಂಡರು. ಅದು ಈಸ್ಟ್ ಇಂಡೀಸ್ ಜೊತೆಗಿನ ಇಂಗ್ಲೆಂಡಿನ ವ್ಯಾಪಾರದ್ದು, ಅಂದರೆ ನಮ್ಮ ಕಡೆಯಿಂದ ಹೋದ ಸರಕು, ನಮ್ಮ ಕಡೆಗೆ ಬಂದ ಸರಕು. 1700ರಿಂದ 1780ರವರೆಗೆ ಮತ್ತದೇ ಎರಡು ಗೆರೆ. ಆಮದು ಮೇಲೆ, ರಫ್ತು ಕೆಳಗೆ. ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ 1760ರ ಆಸುಪಾಸಿನಲ್ಲಿ ವಿಶೇಷವಾದದ್ದೇನೂ ಕಾಣುವುದಿಲ್ಲ. ಅಂತರ ಸುಮಾರಾಗಿ ಒಂದೇ ಸಮ ಇದ್ದಂತೆ ತೋರುತ್ತದೆ. ಕ್ಲೀವ್‌ಲ್ಯಾಂಡ್, ಮೆಕ್‌ಗಿಲ್ ಆಮದಿನಿಂದ ರಫ್ತನ್ನು ಕಳೆದು, ಉಳಿದದ್ದನ್ನು ಮಾತ್ರ ಬೇರೆ ಗೆರೆಯಾಗಿ ಎಳೆದರು. 1760 ದಾಟಿದ ಕೂಡಲೇ ಅಂತರ ಥಟ್ಟನೆ ಮೇಲೇರಿ ಅಷ್ಟೇ ಬೇಗ ಕೆಳಗಿಳಿದಿತ್ತು. ಇಷ್ಟು ದೊಡ್ಡ ಏರು ಚಿತ್ರ ಅಚ್ಚಾದಾಗಿನಿಂದಲೂ ಎಲ್ಲರ ಕಣ್ಣೆದುರೇ ಇತ್ತು.

ಹೀಗಾಗುವುದಕ್ಕೆ ಕಾರಣ ಕಣ್ಣಿನ ಸ್ವಭಾವ. ಎರಡು ಗೆರೆಗಳ ಅಂತರ ಎಂದರೆ ನಾವು ಅಳೆಯಬೇಕಾದದ್ದು ನೆಟ್ಟಗೆ ಮೇಲಿಂದ ಕೆಳಕ್ಕೆ. ಕಣ್ಣು ಹಾಗೆ ಅಳೆಯುವುದಿಲ್ಲ. ಒಂದು ಗೆರೆಯಿಂದ ಇನ್ನೊಂದಕ್ಕೆ ಯಾವ ದಾರಿ ಹತ್ತಿರವೋ ಅದನ್ನೇ ಹಿಡಿಯುತ್ತದೆ. ಗೆರೆಗಳು ಸಮತಟ್ಟಾಗಿ ಸಾಗುವಾಗ ಎರಡೂ ಒಂದೇ. ಜೊತೆಜೊತೆಗೆ ಕಡಿದಾಗಿ ಏರುವಾಗ ಮಾತ್ರ ಹತ್ತಿರದ ದಾರಿ ಓರೆಯಾಗುತ್ತದೆ, ಅಂತರ ಇರುವುದಕ್ಕಿಂತ ಬಹಳ ಕಡಿಮೆ ಕಾಣುತ್ತದೆ. ವ್ಯಾಪಾರ ಬಿರುಸಾಗಿ ಬೆಳೆಯುವ ಕಾಲದಲ್ಲೇ, ಅಂದರೆ ಗಮನ ಹೆಚ್ಚು ಬೇಕಾದ ಹೊತ್ತಿನಲ್ಲೇ, ಈ ಮೋಸ ನಡೆಯುತ್ತದೆ. ಮಾರಾಟದ ಗೆರೆ, ಖರ್ಚಿನ ಗೆರೆ ಎರಡನ್ನೂ ಒಂದೇ ಸ್ಲೈಡಿನಲ್ಲಿ ಹಾಕಿ ನಡುವೆ ಇರುವುದೇ ಲಾಭ ಎಂದು ತೋರಿಸುವವರು ಪ್ಲೇಫೇರ್‌ನ ಚಿತ್ರವನ್ನೇ ಮತ್ತೆ ಬರೆಯುತ್ತಿರುತ್ತಾರೆ, ಅದೇ ದೋಷದ ಸಮೇತ.

ಈಸ್ಟ್ ಇಂಡೀಸ್ ಚಿತ್ರವನ್ನು ಇವತ್ತಿನ ಸಭೆಗೆ ಒಯ್ಯಬೇಕಾದರೆ ನಾನು ಎಳೆಯುವುದು ಒಂದೇ ಗೆರೆ: ಆಮದಿನಲ್ಲಿ ರಫ್ತು ಕಳೆದು ಉಳಿದದ್ದು, ಸೊನ್ನೆಯಿಂದ ಶುರುವಾಗುವ ಅಳತೆಯಲ್ಲಿ. ಗೆರೆಯ ಮೇಲೇ ಅದರ ಹೆಸರು. 1760ರ ನಂತರದ ಏರಿನ ಪಕ್ಕದಲ್ಲಿ ವರ್ಷ ಮತ್ತು ಮೊತ್ತ. ಡೆನ್ಮಾರ್ಕಿನ ಚಿತ್ರದಲ್ಲಿ ಅವನು ಬಾಕಿ ಯಾರ ಪರ ಎಂದು ಬರೆದಂತೆ, ಈ ಬಾಕಿ ಇಂಗ್ಲೆಂಡಿಗೆ ವಿರುದ್ಧ ಎಂದು ತಲೆಬರಹದಲ್ಲೇ ಒಂದು ಸಾಲು. ಆಮದು ರಫ್ತುಗಳ ಬೇರೆಬೇರೆ ಗೆರೆಗಳು ಯಾರಿಗಾದರೂ ಬೇಕಾದರೆ ಎರಡನೆಯ ಸ್ಲೈಡಿನಲ್ಲಿರಲಿ. ಎಂಬತ್ತು ವರ್ಷಗಳ ಅಂಕಿಗಳು, ಅವು ಯಾವ ಕಡತದಿಂದ ಬಂದವು ಎಂಬ ಟಿಪ್ಪಣಿಯ ಜೊತೆ, ವಾಟ್ ಕೇಳಿದ ಹಾಗೆ ಅಚ್ಚಾಗಿ ಎಲ್ಲರ ಕೈಯಲ್ಲೂ ಇರಬೇಕು. ಆ ಏರು ಕಂಡ ಕೂಡಲೇ ಯಾರಾದರೊಬ್ಬರು ಆ ವರ್ಷ ಏನಾಯಿತು ಎಂದು ಕೇಳುತ್ತಾರೆ, ಸಭೆಯ ಉಳಿದ ಹೊತ್ತೆಲ್ಲ ಆ ಪ್ರಶ್ನೆಗೇ ಮೀಸಲು.